ನೊಣವನ್ನು ಎಲ್ಲಿ ಬಿಡುವುದು?

ವ್ಯವಹಾರ ಕಡಿಮೆಯಿರುವ ಶಾಖೆಗೆ ವರ್ಗವಾದರೆ 'ನೊಣ ಹೊಡೆಯೋಕೆ ಹಾಕಿದಾರೆ' ಅನ್ನುವುದು ನಮ್ಮ ಬ್ಯಾಂಕಿನವರ ಮಾತು. ನಿವೃತ್ತನಾಗಿ ಮಗನ ಮನೆಗೆ, ಎಣ್ಣೂರಿಗೆ ಬಂದ ಮೇಲೆ ಆ ಕೆಲಸವೂ ಕೈತಪ್ಪಿತು. ಇಲ್ಲಿ ನೊಣವನ್ನು ಹೊಡೆಯುವ ಹಾಗಿಲ್ಲ, ಹಿಡಿಯಬೇಕು. ಅದಕ್ಕೆಂದೇ ಮಗ ಒಂದು ಯಂತ್ರ ತರಿಸಿದ್ದಾನೆ. ಟಾರ್ಚಿನಂಥ ಹಿಡಿ, ಅದರೊಳಗೆ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು, ಮುಂದೆ ಉದ್ದನೆಯ ಪಾರದರ್ಶಕ ಕೊಳವೆ. ಕೂತ ನೊಣದ ಹತ್ತಿರ ಕೊಳವೆಯನ್ನು ನಿಧಾನವಾಗಿ ಒಯ್ದು ಗುಂಡಿ ಒತ್ತಿದರೆ ಗಾಳಿಯ ಜೊತೆ ಅದೂ ಒಳಗೆ ಬರುತ್ತದೆ. ರಪ್ಪನೆ ಬೀಸುವ ಕೈಯನ್ನು ಕಂಡರೆ ಹಾರುವ ಪ್ರಾಣಿ, ಮೆಲ್ಲಗೆ ಬರುವ ಕೊಳವೆಗೆ ಅಷ್ಟು ಹೆದರುವುದಿಲ್ಲ.

ತಮಿಳಿನಲ್ಲಿ ನೊಣಕ್ಕೆ 'ಈ' ಅನ್ನುತ್ತಾರೆ. ರಾಜಮೌಳಿಯವರ 'ಈಗ' 2012ರಲ್ಲಿ ಇಲ್ಲಿ 'ನಾನ್ ಈ' ಆಗಿ ಬಂತಲ್ಲ, ಅದರಲ್ಲಿ ನೊಣದ ಕೈಲಿ ಸೋತವರು ನಮ್ಮ ಸುದೀಪ್. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ಪಕ್ಕದ ಮನೆಯವರು ಅದನ್ನು ನೆನಪಿಸುತ್ತಲೇ ಇರುತ್ತಾರೆ.

ಯಂತ್ರ ಬಂದದ್ದು ನನ್ನ ಹೆಂಡತಿಗಾಗಿ. ಹಿಂದೆ ಮೂಡಬಿದಿರೆಯ ಶಾಖೆಯಲ್ಲಿದ್ದಾಗ ಮೂರು ವರ್ಷ ನಮ್ಮ ಮನೆ ಮಾಲೀಕರು ಜೈನರು. ದಿಗಂಬರ ಮುನಿಗಳು ಕೂರುವ ಮುಂಚೆ ನವಿಲುಗರಿಯ ಪಿಂಛಿಯಿಂದ ನೆಲ ಸವರುವುದನ್ನು ಇವಳು ಅಲ್ಲಿ ನೋಡಿದಳು. ಆಮೇಲೆ ಜಿರಲೆಯನ್ನೂ ಹೊಡೆದವಳಲ್ಲ.

ಸರಿ, ಕೊಳವೆಯಲ್ಲಿ ನಾಲ್ಕು ನೊಣ ಆದವು ಎನ್ನಿ. ಅವನ್ನು ಎಲ್ಲಿ ಬಿಡುವುದು? ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೋಡೆಯಾಚೆ ಒಂದು ಕುಪ್ಪಂ, ಅಂದರೆ ಮೀನುಗಾರರ ಕೇರಿ. ಅಲ್ಲೊಬ್ಬ ಹೆಂಗಸು ಕರುವಾಡು, ಅದೇ ಒಣಮೀನು, ಹರವುತ್ತಾಳೆ. ಮೋಡ ಕವಿದು ಮೀನು ಸರಿಯಾಗಿ ಒಣಗದ ದಿನ ನೊಣ ಕೂತು ಮೊಟ್ಟೆಯಿಟ್ಟರೆ ಹುಳವಾಗಿ ಸರಕು ಕೆಡುತ್ತದೆ. 'ಹಿಂದುಗಡೆ ಬಿಡಿ ಸಾರ್, ಅವಂಗಳುಕ್ಕು ಪಳಗಿಡುಚ್ಚು' ಅಂದರು ಪಕ್ಕದವರು. ಅವರಿಗೆ ಅಭ್ಯಾಸವಾಗಿಬಿಟ್ಟಿದೆ ಅಂತ. ಒಳ್ಳೆಯ ಮನುಷ್ಯರೇ, ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ.

ಲೆಕ್ಕ ಬರೆದವನಿಗೆ ಇದು ಏನೆಂದು ತಕ್ಷಣ ತಿಳಿಯುತ್ತದೆ. ಇದು ರೈಟ್ ಆಫ್ ಅಲ್ಲ, ಟ್ರಾನ್ಸ್‌ಫರ್ ಎಂಟ್ರಿ. ನಮ್ಮ ಖಾತೆಯ ಹೊರೆಯನ್ನು ಇನ್ನೊಬ್ಬರ ಖಾತೆಗೆ, ಅವರ ಸಹಿಯಿಲ್ಲದೆ, ಹಾಕಿದ್ದು.

ಎಣ್ಣೂರಿನ ಮಟ್ಟಿಗೆ ಈ 'ಪಳಗಿಡುಚ್ಚು' ಅನ್ನುವುದು ನೊಣಕ್ಕೆ ಮಾತ್ರ ಸೇರಿದ ಮಾತಲ್ಲ. ಪಟ್ಟಣಕ್ಕೆ ಕರೆಂಟು, ಕೊಸಸ್ಥಲೈ ನದಿಯ ಅಳಿವೆಗೆ ಕಲ್ಲಿದ್ದಲ ಬೂದಿ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಎಣ್ಣೆ ಹರಿದುಬಂದು ದೋಣಿ, ಬಲೆ ಎಲ್ಲ ಕಪ್ಪಾದವು. ಅದೇ ತಿಂಗಳು 26ರ ರಾತ್ರಿ ಸಮುದ್ರದೊಳಗಿನ ಕೊಳವೆಯಿಂದ ಅಮೋನಿಯ ಸೋರಿ ಪೆರಿಯಕುಪ್ಪಂ ಜನ ಕತ್ತಲಲ್ಲೇ ಮನೆ ಬಿಟ್ಟು ಓಡಿದರು. ಉಸಿರಾಟಕ್ಕೆ ಯಾರಾದರೂ ಪಳಗುತ್ತಾರೆಯೇ?

ಜೈನರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆ ಮಾಡುತ್ತಾರೆ. ಬೇಕೆಂದೇ ಮಾಡುವ ಸಂಕಲ್ಪಿಯನ್ನು ಗೃಹಸ್ಥನೂ ಬಿಡಬೇಕು. ಅಡುಗೆ, ಕಸ ಗುಡಿಸುವುದು, ಹೊಟ್ಟೆಪಾಡಿನ ಕೆಲಸ, ಆತ್ಮರಕ್ಷಣೆ, ಇವುಗಳಲ್ಲಿ ಆಗುವುದನ್ನು ಅವನು ಪೂರ್ತಿ ತಪ್ಪಿಸಲಾರ. ರೋಗ ತರುವ ನೊಣವನ್ನು ಹೊಡೆಯುವುದು ಸಂಕಲ್ಪಿಯೋ ವಿರೋಧಿಯೋ ಎಂದು ನಾವಿಬ್ಬರೂ ಎಷ್ಟೋ ಸಂಜೆ ವಾದಿಸಿದ್ದೇವೆ. ನನಗೆ ಮಾತ್ರ ಈ ನಾಲ್ಕರಲ್ಲಿ ಸೇರದ ಇನ್ನೊಂದು ಕಾಣುತ್ತದೆ. ಕೊಲ್ಲದೆ, ತೊಂದರೆಯನ್ನು ಗೋಡೆಯಾಚೆ ಸಾಗಿಸಿ, ಪುಣ್ಯವನ್ನಷ್ಟೇ ಇಟ್ಟುಕೊಳ್ಳುವುದು. ಪಿಂಛಿ ಹಿಡಿದ ಮುನಿಗೆ ಮನೆಯೂ ಇಲ್ಲ, ಕಾಂಪೌಂಡೂ ಇಲ್ಲ. ಹುಳವನ್ನು ಅವರು ಯಾರ ಅಂಗಳಕ್ಕೂ ತಳ್ಳುವುದಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಹಲಸಿನ ಕಾಲದಲ್ಲಿ ನೊಣ ಮುತ್ತುವುದನ್ನು ಹೇಳತೀರದು. ಆದರೆ ಕೊಟ್ಟಿಗೆ ನಮ್ಮದು, ಗೊಬ್ಬರಗುಂಡಿ ನಮ್ಮದು, ನೊಣವೂ ನಮ್ಮದೇ. ಬೈಯೋಕೆ ಬೇರೆ ಯಾರೂ ಇರಲಿಲ್ಲ. ಪರಊರಿನಲ್ಲಿ ಇರುವವನಿಗೆ ಇದೊಂದು ಅನುಕೂಲ ನೋಡಿ, ಕೊಳಕೆಲ್ಲ ಅಲ್ಲಿಯವರದು ಅಂದುಬಿಡಬಹುದು. ನಮ್ಮ ಅಡುಗೆಮನೆಯ ಹಸಿಕಸದ ಬಕೆಟ್ಟಿಗೆ ಮುಚ್ಚಳವಿಲ್ಲದಿದ್ದರೂ ಸರಿ.

ಹೆಣ್ಣು ನೊಣ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆಯಿಡುತ್ತದೆ. ಈ ಊರಿನ ಸೆಕೆಗೆ ವಾರ ಹತ್ತು ದಿನದಲ್ಲಿ ಅವು ರೆಕ್ಕೆ ಬಂದು ಹಾರುತ್ತವೆ. ಹಾಗಾಗಿ ಬಿಗಿ ಮುಚ್ಚಳದ ಬಕೆಟ್ಟು ತಂದೆ. ಆ ಕಸವೂ ಎಲ್ಲಿಗೋ ಹೋಗುತ್ತದೆ, ಗೊತ್ತು. ಉತ್ತರ ಚೆನ್ನೈನ ಕೊಡುಂಗೈಯೂರಿನಲ್ಲಿ ದಶಕಗಳಿಂದ ಬಿದ್ದಿರುವ ಗುಡ್ಡವನ್ನು ಕಂಡವರಿಗೆ ಮುಚ್ಚಳದ ಬಗ್ಗೆ ಹೆಚ್ಚು ಹೆಮ್ಮೆ ಉಳಿಯುವುದಿಲ್ಲ.

ನಾನೀಗ ಪ್ಲಾಸ್ಟಿಕ್ ಬ್ಯಾಟಿನಿಂದ ಹೊಡೆಯುತ್ತೇನೆ, ಇವಳು ಮಲಗಿದ್ದಾಗ. ಇವಳು ಯಂತ್ರವನ್ನು ಬಿಟ್ಟಿಲ್ಲ. ಹಿಂದುಗಡೆಗೆ ಮಾತ್ರ ಹೋಗುವುದಿಲ್ಲ. ನಮ್ಮ ಬಾಲ್ಕನಿಯ ತುಳಸಿ ಕುಂಡದ ಹತ್ತಿರವೇ ಕೊಳವೆ ತೆರೆಯುತ್ತಾಳೆ. ಹತ್ತು ನಿಮಿಷಕ್ಕೆ ಅವು ಊಟದ ಮೇಜಿಗೆ ವಾಪಸ್. 'ಬಂದ್ವಲ್ಲೇ' ಅಂದರೆ, 'ಬರ್ಲಿ ಬಿಡ್ರೀ, ನಮ್ಮನೇವೇ ಅಲ್ವಾ' ಅಂತ ಮತ್ತೆ ಗುಂಡಿ ಒತ್ತುತ್ತಾಳೆ.