ಬೆಲ್ ಹೊಡೆದರೆ ಹೊಣೆ ಮುಗಿಯಿತೇ?

ನಮ್ಮ ಮದರಸಕ್ಕೆ ಬರುವ ದಾರಿ ಅಡಿಕೆ ತೋಟದ ಬದಿಯಲ್ಲಿ ಸಾಗುತ್ತದೆ. ಅಗಲ ನಾಲ್ಕಡಿಯೂ ಇಲ್ಲ. ಮಕ್ಕಳ ಸೈಕಲ್ಲುಗಳೂ ಹುಲ್ಲಿನ ಹೊರೆ ಹೊತ್ತ ಹೆಂಗಸರೂ ಅದರಲ್ಲಿಯೇ ಹೋಗಬೇಕು. ಕಳೆದ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿಯೊಬ್ಬ ತಿರುವಿನಲ್ಲಿ ಪಕ್ಕದ ಕೇರಿಯ ಅಜ್ಜಿಯೊಬ್ಬರಿಗೆ ಸೈಕಲ್ ತಾಗಿಸಿದ. ಅವರು ಹೊರೆಸಮೇತ ಬಸಿಗಾಲುವೆಗೆ ಬಿದ್ದರು. ಮೊಣಕೈ ತರಚಿತು, ಅಲ್ಲಾಹನ ಕೃಪೆಯಿಂದ ಮೂಳೆ ಮುರಿಯಲಿಲ್ಲ. ವಿಚಾರಿಸಿದಾಗ ಹುಡುಗ ಹೇಳಿದ್ದು ಇಷ್ಟೇ: "ನಾನು ಬೆಲ್ ಹೊಡೆದಿದ್ದೆ ಹಜ್ರತ್. ಅವರೇ ಸರಿಯಲಿಲ್ಲ."

ಅವನು ಸುಳ್ಳು ಹೇಳಿರಲಿಲ್ಲ. ಅಜ್ಜಿಗೆ ಕಿವಿ ಮಂದ. ಹಾಗಾದರೆ ತಪ್ಪು ಯಾರದು? ಎಚ್ಚರಿಕೆ ಕೊಟ್ಟ ಮಾತ್ರಕ್ಕೆ ಒಬ್ಬನ ಹೊಣೆ ತೀರುತ್ತದೆಯೇ?

ಪ್ರಶ್ನೆ ಹೊಸದಲ್ಲ. 12ನೇ ಶತಮಾನದ ಇಮಾಮ್ ಮರ್ಗೀನಾನಿಯವರ 'ಹಿದಾಯ' ಇಂದಿಗೂ ಮದರಸಗಳಲ್ಲಿ ಪಾಠವಾಗುವ ಹನಫಿ ಗ್ರಂಥ. ಸಾರ್ವಜನಿಕ ದಾರಿಯಲ್ಲಿ ಸಾಗುವ ಹಕ್ಕು ಎಲ್ಲರಿಗೂ ಇದೆ, ಆದರೆ ಇತರರಿಗೆ ಅಪಾಯವಾಗಬಾರದೆಂಬ ಷರತ್ತಿನೊಂದಿಗೆ ಎಂಬುದು ಅದರ ನಿಲುವು. ಸವಾರನ ಪ್ರಾಣಿ ಮುಂಗಾಲಿನಿಂದ ಯಾರನ್ನಾದರೂ ತುಳಿದರೆ ಅವನು ಪರಿಹಾರ ಕೊಡಬೇಕು. ನಡೆಯುತ್ತಿರುವಾಗ ಅದು ಹಿಂಗಾಲಿನಿಂದ ಒದ್ದರೆ ಕೊಡಬೇಕಿಲ್ಲ. ಅದನ್ನು ತಪ್ಪಿಸುವುದು ಅವನ ಹಿಡಿತದಲ್ಲಿಲ್ಲ. ಆದರೆ ಪ್ರಾಣಿಯನ್ನು ದಾರಿಯಲ್ಲೇ ನಿಲ್ಲಿಸಿಕೊಂಡಿದ್ದರೆ ಆ ಒದೆತಕ್ಕೂ ಅವನೇ ಹೊಣೆ. ಎಷ್ಟು ಸೂಕ್ಷ್ಮ ನೋಡಿ! ಸೈಕಲ್ಲಿಗಂತೂ ಹಿಂಗಾಲಿಲ್ಲ, ಅದರ ಸವಾರನಿಗೆ ಆ ವಿನಾಯಿತಿಯೂ ಇಲ್ಲ.

"ಬೇಕೆಂದು ಮಾಡಲಿಲ್ಲವಲ್ಲ" ಎನ್ನಬಹುದು. ಸಂಕಲ್ಪವಿಲ್ಲದಿದ್ದರೆ ಅಲ್ಲಾಹನ ಬಳಿ ಪಾಪದ ಲೆಕ್ಕ ಬೇರೆಯಾಗುತ್ತದೆ, ನಿಜ. ಆದರೆ ಅಜ್ಜಿಯ ಮೊಣಕೈಯ ಲೆಕ್ಕ ಮನುಷ್ಯರ ನಡುವಿನದು. ಅದು ಸಂಕಲ್ಪದಿಂದ ಮನ್ನಾ ಆಗದು.

ಬಾಣಗಳನ್ನು ಹಿಡಿದು ಮಸೀದಿಯಲ್ಲಾಗಲಿ ಪೇಟೆಯಲ್ಲಾಗಲಿ ಹಾದುಹೋಗುವವನು ಅವುಗಳ ಮೊನೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದ್ದರು. "ಸರಿಯಿರಿ" ಎಂದು ಜನರಿಗೆ ಕೂಗಿ ಹೇಳುವಂತೆ ಅಲ್ಲ, ತನ್ನ ಮೊನೆಯನ್ನು ತಾನೇ ಹಿಡಿಯುವಂತೆ. ಸವಾರನು ನಡೆಯುವವನಿಗೆ ಮೊದಲು ಸಲಾಮ್ ಹೇಳಬೇಕೆಂದೂ ಕಲಿಸಿದರು. ವೇಗವೂ ಎತ್ತರವೂ ಇರುವವನೇ ಮೊದಲು ಬಾಗಬೇಕೆಂಬುದು ನನಗೆ ಅದರಲ್ಲಿ ಕಾಣುವ ಅರ್ಥ. ನಮ್ಮ ಹುಡುಗರ ಬೆಲ್ಲಿನಲ್ಲಿ ಸಲಾಮಿಗಿಂತ ಅಪ್ಪಣೆಯೇ ಹೆಚ್ಚು ಕೇಳಿಸುತ್ತದೆ.

ಹಾಗೆಂದು ಸೈಕಲ್ಲಿನವರನ್ನು ಮಾತ್ರ ದೂರಿದರೆ ನ್ಯಾಯವಾಗದು. ದಾರಿಬದಿಯಲ್ಲಿ ಕೂರದೆ ತಮಗೆ ಆಗದು ಎಂದ ಸಹಾಬಿಗಳಿಗೆ, ಹಾಗಾದರೆ ದಾರಿಯ ಹಕ್ಕನ್ನು ಕೊಡಿರೆಂದು ಪ್ರವಾದಿವರ್ಯರು(ಸ) ಹೇಳಿದರು. ಯಾರಿಗೂ ತೊಂದರೆ ಕೊಡದಿರುವುದು ಆ ಹಕ್ಕುಗಳಲ್ಲೊಂದು. ಇಶಾ ನಮಾಝಿನ ಬಳಿಕ ಅದೇ ದಾರಿಯ ಮೋರಿಕಟ್ಟೆಯ ಮೇಲೆ ನಾವು ನಾಲ್ವರು ಕಾಲು ಚಾಚಿ ಕೂರುತ್ತಿದ್ದೆವು. ಕತ್ತಲಲ್ಲಿ ಬರುವವರು ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಹುಡುಗನಿಗೆ 'ಹಿದಾಯ'ದ ಮಾತು ವಿವರಿಸುವಾಗಲೇ ಹೊಳೆಯಿತು, ದಾರಿಯಲ್ಲಿ ನಿಲ್ಲಿಸಿದ ಪ್ರಾಣಿ ನಾವೇ ಎಂದು.

ಅವನನ್ನು ಅಜ್ಜಿಯ ಮನೆಗೆ ಕರೆದೊಯ್ದೆ. ಔಷಧಿಯ ಖರ್ಚನ್ನು ಅವನ ತಂದೆ ಕೊಟ್ಟರು. ಒಂದು ವಾರ ಅವನೇ ಹುಲ್ಲು ಕೊಯ್ದು ಹಾಕಿದ. ಅಜ್ಜಿ ಬೈಯಲಿಲ್ಲ. "ತಿರುವಲ್ಲಿ ಇಳಿದು ಬಾ ಮಗಾ, ನಂಗೆ ಕೇಳ್ಸೋದಿಲ್ಲ" ಎಂದರಷ್ಟೆ. ಈಗ ಇಳಿಯುತ್ತಾನೆ. ನಮ್ಮ ಹರಟೆ ಮಸೀದಿಯ ಜಗಲಿಗೆ ಬಂದಿದೆ.