ಎರಡು ಮಂಚದಷ್ಟು ಮಂಜು

ತಂಗಿಗೆ ಮಗಳು ಹುಟ್ಟಿದಾಗ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿಬಂದೆ. ಬಂದಮೇಲೆ, ಜೆಟ್‌ಲ್ಯಾಗ್‌ನಲ್ಲಿ ನಿದ್ದೆ ಬಾರದ ಒಂದು ರಾತ್ರಿ, ಫೋನಿನಲ್ಲಿ ಒಂದು ಲೆಕ್ಕ ಕಣ್ಣಿಗೆ ಬಿತ್ತು. ಇದ್ದಬದ್ದ ನಿದ್ದೆಯೂ ಹೋಯಿತು.

2016ರಲ್ಲಿ ಡರ್ಕ್ ನೋಟ್ಜ್ ಮತ್ತು ಜೂಲಿಯೆನ್ ಸ್ಟ್ರೋವ್ ಎಂಬ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು. ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರಿದರೆ ಆರ್ಕ್ಟಿಕ್ ಸಾಗರದಲ್ಲಿ ಸೆಪ್ಟೆಂಬರ್‌ನಲ್ಲಿ ಉಳಿಯುವ ಮಂಜುಗಡ್ಡೆ ಸುಮಾರು 3 ಚದರ ಮೀಟರ್ ಕಡಿಮೆಯಾಗುತ್ತದೆ. 3 ಚದರ ಮೀಟರ್ ಅಂದ್ರೆ ಹೆಚ್ಚೂಕಮ್ಮಿ ನಮ್ಮನೆ ಡಬಲ್ ಕಾಟ್. ನನ್ನ ಹೋಗಿಬರುವ ಪ್ರಯಾಣ ಎರಡು ಟನ್‌ಗೆ ಕಮ್ಮಿ ಇಲ್ಲ. ಅಂದರೆ ಎರಡು ಮಂಚ.

ತೇಲುವ ಮಂಜು ಕರಗಿದರೆ ಸಮುದ್ರದ ಮಟ್ಟ ಏರೋದಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ನಿಜವೇ, ಗ್ಲಾಸಿನಲ್ಲಿ ಐಸ್ ಕರಗಿದರೆ ಜ್ಯೂಸ್ ಚೆಲ್ಲುತ್ತಾ? ಮಟ್ಟ ಏರಿಸುವುದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲಿನ ಹಿಮ. ಆದರೆ ಬಿಳಿ ಮಂಚ ಹೋದ ಜಾಗದಲ್ಲಿ ಕಪ್ಪು ನೀರು ಉಳಿಯುತ್ತೆ. ಹಿಮ ಹೊದ್ದ ಮಂಜುಗಡ್ಡೆ ಬಿದ್ದ ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸುತ್ತಿತ್ತು; ಸಮುದ್ರ ನೂರಕ್ಕೆ 90ಕ್ಕಿಂತ ಹೆಚ್ಚನ್ನು ಕುಡಿದು ಇಟ್ಟುಕೊಳ್ಳುತ್ತೆ. ಬಿಸಿಯಾದ ನೀರು ಪಕ್ಕದ ಮಂಜನ್ನೂ ತಿನ್ನುತ್ತೆ. ನನ್ನ ಮಂಚ ಅಲ್ಲಿಗೇ ನಿಲ್ಲೋದಿಲ್ಲ.

ನಾನೊಬ್ಬ ಹೋಗದಿದ್ದರೆ ವಿಮಾನ ನಿಲ್ಲುತ್ತಾ? ಈ ವಾದವನ್ನು ಅಮೆರಿಕದ ತತ್ತ್ವಶಾಸ್ತ್ರಜ್ಞ ವಾಲ್ಟರ್ ಸಿನ್ನಾಟ್-ಆರ್ಮ್‌ಸ್ಟ್ರಾಂಗ್ 2005ರಲ್ಲೇ ಗಂಭೀರವಾಗಿ ಮಂಡಿಸಿದ್ದಾರೆ. ಭಾನುವಾರ ಮಜಾಕ್ಕೆ ದೊಡ್ಡ ಕಾರು ಓಡಿಸುವುದು ತಪ್ಪೆಂದು ತೋರಿಸುವುದು ಕಷ್ಟ, ಸರ್ಕಾರಗಳು ಏನಾದರೂ ಮಾಡುವಂತೆ ಒತ್ತಾಯಿಸುವುದೇ ನಮ್ಮ ಹೊಣೆ ಅಂತ. ನನಗೆ ಬಹಳ ಹಿಡಿಸಿದ್ದ ವಾದ. ಆದರೆ ಅದು ನಿಂತಿರೋದು ನನ್ನ ಪಾಲು ಲೆಕ್ಕಕ್ಕೇ ಸಿಗದಷ್ಟು ಚಿಕ್ಕದು ಅನ್ನೋದರ ಮೇಲೆ. ಈಗ ಯಾರೋ ಟೇಪ್ ಹಿಡಿದು ಅಳೆದುಬಿಟ್ಟಿದ್ದಾರೆ.

ಇನ್ನೊಂದು ನೆಪವೂ ಇತ್ತು: ಭಾರತೀಯರ ತಲಾ ಪಾಲು ವರ್ಷಕ್ಕೆ ಎರಡು ಟನ್ ಆಸುಪಾಸು ಮಾತ್ರ, ಅಮೆರಿಕದವರದ್ದು ಎಷ್ಟೋ ಪಟ್ಟು ಜಾಸ್ತಿ. ಆಫೀಸಿನ ಕ್ಯಾಂಟೀನಿನಲ್ಲಿ ಇದನ್ನು ಎಷ್ಟು ಸಲ ಜೋರಾಗಿ ಹೇಳಿದ್ದೇನೋ. ಆದರೆ ಆ ಸರಾಸರಿಯನ್ನು ಕೆಳಗಿಟ್ಟಿರೋದು ನಾನಲ್ಲ, ವಿಮಾನ ಹತ್ತದ ಕೋಟ್ಯಂತರ ಜನ. ನಮ್ಮನೆ ಕೆಲಸಕ್ಕೆ ಬರುವಾಕೆ ಸಹ ಅವರಲ್ಲೊಬ್ಬಳು. ಒಂದೇ ಪ್ರಯಾಣದಲ್ಲಿ ವರ್ಷದ ಪಾಲು ಮುಗಿಸಿ, ಅವಳ ಬಡತನದ ಹಿಂದೆ ಅಡಗಿ ಕೂತು ಅಮೆರಿಕದ ಕಡೆ ಬೆರಳು ತೋರಿಸ್ತಿದ್ದೆ.

ಹಾಗಂತ ಮಗುವನ್ನ ಎತ್ತಿಕೊಂಡಿದ್ದು ತಪ್ಪು ಅಂತ ನನಗೆ ಅನ್ನಿಸ್ತಿಲ್ಲ. ಎಷ್ಟು ಪ್ರಯತ್ನಪಟ್ಟರೂ ಅನ್ನಿಸ್ತಿಲ್ಲ.

ಸೆಪ್ಟೆಂಬರ್‌ನಲ್ಲಿ ಅದರ ಮೊದಲ ಹುಟ್ಟುಹಬ್ಬ. ತಂಗಿ ಟಿಕೆಟ್‌ನ ಲಿಂಕ್ ಕಳಿಸಿದ್ದಾಳೆ. “ಈ ಸಲ ನೀನೊಬ್ಬಳೇ ಹೋಗಿ ಬರ್ತೀಯಾ?” ಅಂತ ಅಮ್ಮನನ್ನು ಕೇಳಿದೆ. “ನಂಗೆ ಇಂಗ್ಲಿಷ್ ಬರಲ್ವಲ್ಲೋ” ಅಂದಳು.