ಅಳಿಮಯ್ಯನ ಜಾಗ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹೆಡತಲೆಗೆ ಹೋದಾಗ ಲಕ್ಷ್ಮೀಕಾಂತ ದೇವಸ್ಥಾನದ ಬಾಗಿಲು ಹಾಕಿತ್ತು. ಹೊಯ್ಸಳರ ಕಾಲದ ಗುಡಿ, ಒಳಗೆ ಮೂರು ಗರ್ಭಗುಡಿ. ಅರ್ಚಕರು ಸಂಜೆಗೆ ಬರುತ್ತಾರೆ ಅಂದರು. ಬಿಸಿಲಲ್ಲಿ ಬೆಂದು ಬಂದಿದ್ದ ನನಗೆ ಆ ಹೊತ್ತಿನಲ್ಲಿ ದೇವರಿಗಿಂತ ನೆರಳೇ ಬೇಕಾಗಿತ್ತು, ಸುಳ್ಳೇಕೆ ಹೇಳಲಿ. ಹದಿನಾರು ಮುಖದ ಚಾವಡಿಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದೆ. ಮೇಕೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿ, "ಯಾವ ಅಳಿಮಯ್ಯನ ಜಾಗದಲ್ಲಿ ಕುಂತಿದ್ದೀರಿ ಸ್ವಾಮಿ?" ಅಂದರು.

ಊರ ಕತೆ ಗೊತ್ತಿದ್ದರೆ ಮಾತ್ರ ನಗು ಬರುವ ಮಾತು. ಹಿಂದೆ ಇಲ್ಲಿ ಆಳುತ್ತಿದ್ದ ನಾಯಕನಿಗೆ ಹದಿನಾರು ಮಂದಿ ಅಳಿಯಂದಿರಂತೆ. ಹಬ್ಬಕ್ಕೆ ಎಲ್ಲರೂ ಬಂದರೆ ಯಾರನ್ನು ಮುಂದೆ ಕೂರಿಸುವುದು, ಯಾರನ್ನು ಮೂಲೆಗೆ ಹಾಕುವುದು? ಮೂಲೆಗೆ ಬಿದ್ದವನ ಮುಖ ಊದಿಕೊಂಡರೆ ಅನುಭವಿಸುವವಳು ಮಗಳು. ಅದಕ್ಕೇ ಒಬ್ಬೊಬ್ಬನಿಗೂ ಒಂದೊಂದು ಮುಖ ಸಿಗುವ ಹಾಗೆ ಚಾವಡಿ ಕಟ್ಟಿಸಿದನಂತೆ. ನಡೆದದ್ದೋ ಕಟ್ಟಿದ್ದೋ, ಕತೆಯಲ್ಲಿ ನನಗೆ ಇಷ್ಟವಾಗುವುದು ಆ ಮಾವನ ಕಷ್ಟ. ಮದುವೆಮನೆಯ ಪಂಕ್ತಿಯಲ್ಲಿ ಬೀಗರನ್ನು ಕೂರಿಸಿ ಗೊತ್ತಿರುವ ಯಾರಿಗಾದರೂ ಅದು ಅರ್ಥವಾದೀತು. ನಾವಾದರೆ ಕೈಮುಗಿದು, ಸಮಾಧಾನ ಹೇಳಿ ಆ ಹೊತ್ತು ಕಳೆಯುತ್ತೇವೆ. ಇವನು ಕಲ್ಲುಕುಟಿಗರನ್ನು ಕರೆಸಿದ.

ಕೂತು ಸ್ವಲ್ಪ ಹೊತ್ತಿಗೆ ಬೆನ್ನು ತಣ್ಣಗಾಯಿತು. ಕಲ್ಲು ತಂಪು ಅನ್ನುತ್ತೇವಲ್ಲ, ಅದೊಂದು ಸೋಜಿಗವೇ. ರಾತ್ರಿಯೆಲ್ಲ ಒಂದೇ ನೆರಳಿನಲ್ಲಿ ಬಿದ್ದಿದ್ದ ಕಂಬಳಿಯನ್ನೂ ಕಲ್ಲನ್ನೂ ಬೆಳಿಗ್ಗೆ ಅಳೆದು ನೋಡಿದರೆ ಎರಡರ ಉಷ್ಣಾಂಶವೂ ಒಂದೇ ಇರುತ್ತದೆ. ಆದರೂ ಮುಟ್ಟಿದರೆ ಕಂಬಳಿ ಬೆಚ್ಚಗೆ, ಕಲ್ಲು ತಣ್ಣಗೆ. ನಮ್ಮ ಮೈಯ 37 ಡಿಗ್ರಿ ಬಿಸಿಯನ್ನು ಕಲ್ಲು ಸರಸರನೆ ಎಳೆದುಕೊಳ್ಳುತ್ತದೆ, ಕಂಬಳಿ ಎಳೆದುಕೊಳ್ಳುವುದಿಲ್ಲ, ವ್ಯತ್ಯಾಸ ಅಷ್ಟೇ. ಜೊತೆಗೆ ದಪ್ಪ ಚಪ್ಪಡಿಗೆ ಬಿಸಿಲಿನ ಕಾವು ಒಳಮುಟ್ಟಲು ಹೊತ್ತು ಹಿಡಿಯುತ್ತದೆ, ರಾತ್ರಿಯ ತಂಪು ಮಧ್ಯಾಹ್ನದವರೆಗೂ ಉಳಿದಿರುತ್ತದೆ. ಅಂದರೆ ಕಲ್ಲು ನನಗೆ ಏನನ್ನೂ ಕೊಡುತ್ತಿರಲಿಲ್ಲ. ನನ್ನಿಂದ ತೆಗೆದುಕೊಳ್ಳುತ್ತಿತ್ತು. ನಾನು ಅದಕ್ಕೇ "ಹಾಯ್" ಅನ್ನುತ್ತಿದ್ದೆ.

ಆ ಬೆಳಿಗ್ಗೆ ನಂಜನಗೂಡಿನಲ್ಲಿ ಕಪಿಲೆಯ ದಡದಲ್ಲಿದ್ದೆ. ಅಲ್ಲಿಯೂ ಹದಿನಾರೇ: ಸ್ನಾನಘಟ್ಟದ ಹದಿನಾರು ಕಾಲು ಮಂಟಪ. ಮಿಂದು ಬಂದವರು ಒದ್ದೆ ಬಟ್ಟೆ ಹಿಂಡಿ ಕೂರುವ ಜಾಗ. ತಲೆ ಎತ್ತಿದರೆ ಚಪ್ಪಡಿಯ ಅಡಿಯಲ್ಲಿ ಬೆಳಕು ಬಳುಕುತ್ತಿತ್ತು. ಬೆಳಗಿನ ಎಳೆಬಿಸಿಲು ನೀರಿಗೆ ತಾಗಿ, ಅಲೆಯ ಜೊತೆ ಮೇಲಕ್ಕೆ ಚಿಮ್ಮಿ, ಕಲ್ಲಿನ ಮೇಲೆ ಜರಿಯ ನೂಲಿನ ಹಾಗೆ ಹೆಣೆದುಕೊಳ್ಳುತ್ತಿತ್ತು. ಹುಡುಗನೊಬ್ಬ ನೀರಿಗೆ ಧುಮುಕಿದ. ಮೇಲೆ ಚಾವಣಿಯೆಲ್ಲ ಚಿಂದಿಯಾಗಿ, ಮತ್ತೆ ನಿಧಾನಕ್ಕೆ ಹೆಣೆದುಕೊಂಡಿತು. ಅವನಿಗೆ ಅದು ಗೊತ್ತೇ ಆಗಲಿಲ್ಲ.

ಇಂಥದ್ದೇ ಒಂದು ಬೆರಗಿಗೆ ಇಂಗ್ಲೆಂಡಿನ ಕವಿ ಅಲೆಕ್ಸಾಂಡರ್ ಪೋಪ್ ತಾನೇ ಗುಹೆ ಮಾಡಿಸಿಕೊಂಡಿದ್ದ. ಥೇಮ್ಸ್ ದಡದ ಟ್ವಿಕನಮ್‌ನಲ್ಲಿ ಅವನ ಮನೆಗೂ ತೋಟಕ್ಕೂ ನಡುವೆ ರಸ್ತೆ ಹಾಯ್ದಿತ್ತು. ರಸ್ತೆಯ ಅಡಿಗೆ ಸುರಂಗ ತೋಡಿಸಿ, ಗೋಡೆಗೆ ಚಿಪ್ಪು, ಕನ್ನಡಿ ಚೂರು ಅಂಟಿಸಿದ. 1725ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಹೇಳಿದ್ದಾನೆ: ಬಾಗಿಲು ಮುಚ್ಚಿದರೆ ಹೊರಗಿನ ನದಿ, ಗುಡ್ಡ, ದೋಣಿಗಳೆಲ್ಲ ಒಳಗಿನ ಗೋಡೆಯ ಮೇಲೆ ಚಲಿಸುವ ಚಿತ್ರವಾಗಿ ಮೂಡುತ್ತವೆ ಎಂದು. ಹಂಪಿಯ ವಿರೂಪಾಕ್ಷ ಗುಡಿಯ ಕತ್ತಲ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುವುದನ್ನು ಕಂಡವರಿಗೆ ಇದು ಹೊಸದಲ್ಲ. ಪೋಪನ ಮನೆ ಇಂದಿಲ್ಲ, ಗುಹೆ ಉಳಿದಿದೆ. ಆದರೆ ಅದು ಒಬ್ಬ ಕವಿ ತನಗಾಗಿ ಮಾಡಿಸಿಕೊಂಡ ನೆರಳು. ಕಪಿಲೆಯ ದಡದ ಮಂಟಪದಲ್ಲಿ ನನ್ನ ಪಕ್ಕ ಒಬ್ಬಾಕೆ ಮಗುವಿನ ಮುಡಿ ಕೊಡಿಸಿ, ಬೋಳುತಲೆಗೆ ಗಂಧ ಮೆತ್ತುತ್ತಿದ್ದಳು. ಪಕ್ಷಪಾತ ಅನ್ನಿ, ನನ್ನ ಓಟು ಈ ಮಂಟಪಕ್ಕೆ.

ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟರೆ ಈ ಮಂಟಪ ಮುಳುಗುತ್ತದೆ. ನಂಜನಗೂಡಿನವರಿಗೆ ಪ್ರವಾಹ ಅಳೆಯಲು ಬೇರೆ ಕೋಲು ಬೇಡ. ಮಂಟಪಕ್ಕೆ ಎಷ್ಟು ನೀರು ಬಂತು ಅಂತ ಕೇಳಿದರೆ ಸಾಕು. 2018ರಲ್ಲಿ, 2019ರಲ್ಲಿ ಹಾಗೆಯೇ ಆಯಿತು. ಕಂಬಗಳ ನಡುವೆ ನಾವು ಕೂರುವ ಜಾಗದಲ್ಲಿ ಆಗ ಹೊಳೆ ಇರುತ್ತದೆ, ಹೊಳೆ ಇಳಿದ ಮೇಲೆ ಒಂದಿಷ್ಟು ಕೆಸರು. ಬಳಿದು ತೊಳೆದರೆ ಮತ್ತೆ ಜಗಲಿ.

ಹೆಡತಲೆಯ ಹಿರಿಯರಿಗೆ ನಾನು, "ಯಾವನದೋ ಗೊತ್ತಿಲ್ಲ ಯಜಮಾನರೇ, ಕಡೇ ಅಳಿಯನದು ಅಂತಿಟ್ಕೊಳ್ಳಿ" ಅಂದೆ. "ಅಂಗಾರೆ ಹಿರೇ ಅಳಿಮಯ್ಯ ನಾನು" ಅಂತ ಪಕ್ಕದ ಮುಖದಲ್ಲಿ ಕೂತು, ಟವೆಲ್ ಕೊಡವಿ, ಮಾತಿಲ್ಲದೆ ಕಣ್ಣು ಮುಚ್ಚಿದರು. ಮೂಲೆಯಿಂದ ನೋಡಿದರೆ ಅವರ ಮೊಣಕಾಲು ಮಾತ್ರ ಕಾಣುತ್ತಿತ್ತು. ಮಾವನ ಲೆಕ್ಕ ತಪ್ಪಿರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದೆ. ಕೂತಿದ್ದ ಜಾಗವನ್ನು ಯಾಕೋ ಮುಟ್ಟಿ ನೋಡಿದೆ. ಅಷ್ಟಗಲ ಕಲ್ಲು ಬೆಚ್ಚಗಿತ್ತು. ಒಂದು ಮೇಕೆಮರಿ ಹತ್ತಿ ಬಂದು, ಅದನ್ನು ಮೂಸಿ, ಮುಂಗಾಲು ಮಡಿಚಿ ಅಲ್ಲೇ ಮಲಗಿತು.